ಸೈಲೆನ್ಸರ್ ತೂತು ದೊಡ್ಡದು ಮಾಡಿದ್ದಕ್ಕೆ 22% ಪವರ್ ಜಾಸ್ತಿ? ಮನೆಯಲ್ಲಿ ಕಟ್ಟಿದ ಡೈನೋ ನಂಬಬಹುದಾ

ಸಕಲೇಶಪುರ_ಸಾ
ಚೈನ್ ಸಾ ಪವರ್ ಅಳೆಯೋಕೆ ಒಂದು ಇನರ್ಷಿಯಾ ಡೈನೋ (ಭಾರದ ಡಿಸ್ಕನ್ನ ಇಂಜಿನ್ ಎಷ್ಟು ಬೇಗ ವೇಗಕ್ಕೆ ಏರಿಸುತ್ತೆ ಅಂತ ನೋಡಿ ಪವರ್ ಲೆಕ್ಕ ಹಾಕೋ ಯಂತ್ರ) ಕಟ್ಟಿ ನಿಲ್ಲಿಸಿದೀನಿ. ಲೆಕ್ಕ ಎಲ್ಲಿ ತಪ್ಪಿದೆ ನೋಡಿ ಹೇಳಿ.

ಸಾ: ಸ್ಟಿಲ್ ಕಂಪನಿಯ ಎಂಎಸ್ 382, 72.2 ಸಿಸಿ, ಕಂಪನಿ ಲೆಕ್ಕ 3.9 ಕಿಲೋವ್ಯಾಟ್. ಬಾರು (ಚೈನ್ ಓಡೋ ಉದ್ದ ಪಟ್ಟಿ), ಚೈನು ತೆಗೆದು, ಕ್ಲಚ್ ಡ್ರಮ್ಮಿನ ರಿಮ್ ಇರೋ ಜಾಗಕ್ಕೆ 24 ಹಲ್ಲಿನ ಟೈಮಿಂಗ್ ಪುಲ್ಲಿ. ಅಲ್ಲಿಂದ 5 ಎಂಎಂ ಪಿಚ್, 25 ಎಂಎಂ ಅಗಲದ ಬೆಲ್ಟು, ಆ ಕಡೆ 48 ಹಲ್ಲು. ಅಂದ್ರೆ ಇಂಜಿನ್ 10,000 ತಿರುಗಿದ್ರೆ ಡಿಸ್ಕ್ 5,000. ಡಿಸ್ಕ್ 300 ಎಂಎಂ ವ್ಯಾಸ, 25 ಎಂಎಂ ದಪ್ಪದ ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟು, ತೂಕ 13.9 ಕೆಜಿ. ಅರ್ಧ × ತೂಕ × ತ್ರಿಜ್ಯದ ವರ್ಗ ಹಾಕಿದ್ರೆ ಇನರ್ಷಿಯಾ 0.156. ಎರಡು 6205 ಬೇರಿಂಗು. ಡಿಸ್ಕಿನ ಮೇಲೆ ಒಂದೇ ಆಯಸ್ಕಾಂತ, ಅದು ಎದುರಿಗೆ ಬಂದಾಗಲೆಲ್ಲ ಸಿಗ್ನಲ್ ಕೊಡೋ ಎ3144 ಹಾಲ್ ಸೆನ್ಸರು, ಸಮಯ ಅಳೆಯೋಕೆ ಆರ್ಡುಯಿನೋ ಊನೋ ಬೋರ್ಡು.

ಇಂಜಿನ್ 6,000ದಿಂದ 10,000ಕ್ಕೆ ಫುಲ್ ಥ್ರಾಟಲಲ್ಲಿ ಏರೋಕೆ ನಾಲ್ಕೂವರೆ ಸೆಕೆಂಡು ತಗೊಳುತ್ತೆ.

ಬೆಳಿಗ್ಗೆ 7ಕ್ಕೆ ಕಂಪನಿ ಸೈಲೆನ್ಸರಲ್ಲಿ: 3.1 ಕಿಲೋವ್ಯಾಟ್. ಮಧ್ಯಾಹ್ನ ಸೈಲೆನ್ಸರ್ ತೂತು ಸುಮಾರು ಎರಡರಷ್ಟು ಮಾಡಿ ಕಾರ್ಬುರೇಟರ್ ಹೊಂದಿಸಿದ ಮೇಲೆ: 3.8. ಹೆಚ್ಚೂಕಮ್ಮಿ 22%. ಇಷ್ಟೊಂದು ಬರುತ್ತಾ?

ಹಾಸನ್_ಹೈದ
ಬರಲ್ಲ ಕಣ್ರೀ.

ಲೇತ್_ಭಟ್ರು
ಮಾರಾಯ್ರೆ, ಸೈಲೆನ್ಸರ್ ವಿಷಯ ಆಮೇಲೆ. ಡೈನೋ ತನ್ನಷ್ಟಕ್ಕೆ ಎಷ್ಟು ಪವರ್ ತಿನ್ನುತ್ತೆ ಅಂತ ಅಳೆದಿದ್ದೀರಾ? ಬೆಲ್ಟ್ ಕಳಚಿ ಡಿಸ್ಕನ್ನ 5,000ಕ್ಕೆ ತಿರುಗಿಸಿ ಬಿಡಿ, 3,000ಕ್ಕೆ ಇಳಿಯೋಕೆ ಎಷ್ಟು ಸೆಕೆಂಡು ಅಂತ ಬರೆದುಕೊಳ್ಳಿ. ಬೆಳಿಗ್ಗೆ ತಣ್ಣಗಿದ್ದಾಗ ಒಂದು ಸಲ, ಐದಾರು ರನ್ ಆದ ಮೇಲೆ ಒಂದು ಸಲ. ನಿಮ್ಮ ಡಿಸ್ಕಿಗೆ 32.7ನ್ನ ಆ ಸೆಕೆಂಡುಗಳಿಂದ ಭಾಗಿಸಿದ್ರೆ ಘರ್ಷಣೆಯ ಟಾರ್ಕ್ ನೇರವಾಗಿ ನ್ಯೂಟನ್-ಮೀಟರಲ್ಲಿ ಸಿಗುತ್ತೆ.

ಹೊಸ ಬೇರಿಂಗು, ಎರಡೂ ಕಡೆ ರಬ್ಬರ್ ಸೀಲು, ಒಳಗೆ ತುಂಬ ಗ್ರೀಸು, ಬೆಳಗಿನ ಚಳಿ ಅಂದ್ರೆ ಬೇರಿಂಗೇ ಒಂದು ಬ್ರೇಕು.

ಬಯಲುಸೀಮೆ_ಬಸಣ್ಣ
ಇಷ್ಟೆಲ್ಲಾ ಯಾಕ್ ಬೇಕ್ರೀ? ಒಂದ್ ದಿಮ್ಮಿ ಮಲಗಿಸ್ರಿ, ವಾಚ್ ಹಿಡಕೊಂಡ್ ಕೊಯ್ರಿ. ಮೊದಲಿಗಿಂತ ಲಗೂನ ಕೊಯ್ದ್ರ ಪವರ್ ಬಂದೈತಿ, ಇಲ್ಲಂದ್ರ ಇಲ್ಲ. ಸಾ ಇರೋದು ಮರ ಕೊಯ್ಯಾಕ, ಚಕ್ರ ತಿರುಗಿಸಾಕಲ್ಲ.

ಕಾಫಿತೋಟದವ
ಬಸಣ್ಣ, ಮಾತು ಸರಿ, ಆದ್ರೆ ಅದರಲ್ಲಿ 10%ನ ವ್ಯತ್ಯಾಸ ಕಂಡುಹಿಡಿಯೋದು ಭಾರಿ ಕಷ್ಟ. ಸಿಲ್ವರ್ ಓಕ್ ದಿಮ್ಮಿಯನ್ನೇ ತಗೊಳ್ಳಿ, ಬುಡದ ಕಡೆ ಹಸಿ, ತುದಿ ಕಡೆ ಒಣಗಿರುತ್ತೆ, ನಡುವೆ ಒಂದು ಗಂಟು ಬಂದ್ರೆ ಮುಗೀತು. ಆರನೇ ಕೊಯ್ತಕ್ಕೆ ಚೈನಿನ ಹರಿತ ಮೊದಲಿನಂಗಿರಲ್ಲ. ಸಾ ಒತ್ತೋ ಕೈಯ ಭಾರ ಬದಲಾದ್ರೆ ಸಮಯವೂ ಬದಲಾಗುತ್ತೆ.

ಕೊಯ್ದೇ ನೋಡ್ತೀನಿ ಅನ್ನೋರು ದಿಮ್ಮಿನ ಮೊದಲು 8 ಇಂಚು ಚೌಕಕ್ಕೆ ಸೀಳಿಸಿ ಇಟ್ಕೊಳ್ಳಿ. ಸಾದ ಹಿಂದಿನ ಹಿಡಿಗೆ ಗೊತ್ತಿರೋ ತೂಕ ಕಟ್ಟಿ ಅದರ ಭಾರಕ್ಕೇ ಇಳಿಯೋಕೆ ಬಿಡಿ. ಹಳೇ ಸೆಟ್ಟಿಂಗಲ್ಲಿ ಮೂರು, ಹೊಸದರಲ್ಲಿ ಮೂರು, ಮತ್ತೆ ಹಳೇದರಲ್ಲಿ ಮೂರು. ಕೊನೆಯ ಮೂರು ಮೊದಲ ಮೂರಕ್ಕೆ ಹೊಂದದಿದ್ರೆ ನೀವು ಅಳೆದದ್ದು ಚೈನಿನ ಸವೆತ, ಪವರ್ ಅಲ್ಲ.

ಸುಳ್ಯ_ಗ್ಯಾರೇಜ್
ಎಲ್ಲರೂ ಒಂದು ದೊಡ್ಡ ವಿಷಯ ಬಿಟ್ರಿ. ಸಕಲೇಶಪುರದವ್ರೇ, 10,000ಕ್ಕೆ ಹೋದ ಮೇಲೆ ಏನು ಮಾಡ್ತೀರಿ? ಥ್ರಾಟಲ್ ಬಿಡ್ತೀರಿ ಅಲ್ವಾ?

ಹಂಗಿದ್ರೆ ನಿಮ್ಮ ಪಿಸ್ಟನ್ ದಿನ ಎಣಿಸ್ತಾ ಇದೆ. ಥ್ರಾಟಲ್ ಬಿಟ್ರೂ 14 ಕೆಜಿ ಡಿಸ್ಕು ನಿಲ್ಲಲ್ಲ, ಬೆಲ್ಟಿನ ಮೂಲಕ ಡ್ರಮ್ಮನ್ನ ತಿರುಗಿಸುತ್ತೆ. ಕ್ಲಚ್ಚಿನ ಶೂಗಳು ಆ ವೇಗದಲ್ಲಿ ಡ್ರಮ್ಮಿಗೆ ಕಚ್ಕೊಂಡೇ ಇರ್ತಾವೆ, ಇಂಜಿನ್ ಸುಮಾರು 4,000ಕ್ಕೆ ಇಳಿಯೋವರೆಗೂ ಬಿಡಲ್ಲ. ಅಷ್ಟು ಹೊತ್ತೂ ಡಿಸ್ಕೇ ಇಂಜಿನ್ನನ್ನ ಓಡಿಸ್ತಿದೆ, ಕಾರ್ಬುರೇಟರ್ ಮುಚ್ಚಿದೆ. ಟೂ ಸ್ಟ್ರೋಕಲ್ಲಿ ಆಯಿಲ್ ಬರೋದು ಪೆಟ್ರೋಲ್ ಜೊತೆಗೇ. ಪೆಟ್ರೋಲ್ ಇಲ್ಲ ಅಂದ್ರೆ ಆಯಿಲೂ ಇಲ್ಲ. ಬಿಸಿ ಪಿಸ್ಟನ್, ಒಣ ಸಿಲಿಂಡರ್, 9,000 ಆರ್‌ಪಿಎಂ. ಎಕ್ಸಾಸ್ಟ್ ಕಡೆ ಗೀರು ಬೀಳೋದು ಹಿಂಗೇ.

ಪರಿಹಾರ: 48ರ ಪುಲ್ಲಿ ಮತ್ತು ಶಾಫ್ಟಿನ ನಡುವೆ ಒನ್ ವೇ ಬೇರಿಂಗು. ಸಿಎಸ್‌ಕೆ 25 ಅಂತ ಕೇಳಿ, ಹೊರ ಅಳತೆ 6205ರದ್ದೇ. ಕ್ಯಾಟಲಾಗಲ್ಲಿ ಓವರ್ ರನ್ ವೇಗ ಎಷ್ಟು ಅಂತ ನೋಡಿಯೇ ತಗೊಳ್ಳಿ. ಥ್ರಾಟಲ್ ಬಿಟ್ಟ ತಕ್ಷಣ ಇಂಜಿನ್ ಐಡಲ್‌ಗೆ ಬರುತ್ತೆ, ಡಿಸ್ಕು ತನ್ನ ಪಾಡಿಗೆ ತಿರುಗುತ್ತಿರುತ್ತೆ. ಭಟ್ರು ಕೇಳಿದ ಲೆಕ್ಕವೂ ಬೆಲ್ಟ್ ಕಳಚದೆ ಪ್ರತಿ ರನ್ನಿಗೂ ಪುಕ್ಕಟೆ ಸಿಗುತ್ತೆ.

ಸಕಲೇಶಪುರ_ಸಾ
ಅಯ್ಯೋ. ಇದು ತಲೆಗೆ ಹೊಳೆದೇ ಇರಲಿಲ್ಲ. ಸೈಲೆನ್ಸರ್ ಬಿಚ್ಚಿ ಟಾರ್ಚ್ ಹಾಕಿ ನೋಡಿದೆ, ಪಿಸ್ಟನ್ ಮೇಲೆ ಗೀರಿಲ್ಲ ಸದ್ಯ. ಬೇರಿಂಗ್ ಬರೋವರೆಗೆ ರನ್ ನಿಲ್ಲಿಸಿದೀನಿ.

ಕೋಡ್_ಕುಟ್ಟಿ
ಆರ್ಡುಯಿನೋದಲ್ಲಿ ಸಮಯ ತಗೊಳ್ತಿರೋದು ಮೈಕ್ರೋಸ್ ಫಂಕ್ಷನ್ನಿಂದಲಾ? ಊನೋದಲ್ಲಿ ಅದು 4 ಮೈಕ್ರೋಸೆಕೆಂಡಿನ ಮೆಟ್ಟಿಲಲ್ಲಿ ಏರುತ್ತೆ. ಸಣ್ಣದು ಅನ್ನಿಸುತ್ತೆ, ಆದ್ರೆ ಲೆಕ್ಕ ನೋಡಿ. ಡಿಸ್ಕು 4,000ದಲ್ಲಿದ್ದಾಗ ಒಂದು ಸುತ್ತಿಗೆ 15,000 ಮೈಕ್ರೋಸೆಕೆಂಡು. ಒಂದು ಸುತ್ತಿಂದ ಮುಂದಿನ ಸುತ್ತಿಗೆ ವೇಗ ಏರೋದು ಏಳು ಆರ್‌ಪಿಎಂ ಅಷ್ಟೇ, ಅಂದ್ರೆ ಸುತ್ತಿನ ಸಮಯದಲ್ಲಿ 26 ಮೈಕ್ರೋಸೆಕೆಂಡಿನ ವ್ಯತ್ಯಾಸ. ಆ 26ನ್ನ 4ರ ಮೆಟ್ಟಿಲಲ್ಲಿ ಅಳೀತಿದ್ದೀರಿ. ಪ್ರತಿ ಬಿಂದುವೂ ಐದನೇ ಒಂದು ಭಾಗದಷ್ಟು ಆಚೀಚೆ ಹಾರುತ್ತೆ.

ಈಗ ಅಸಲಿ ಪ್ರಶ್ನೆ: 3.1, 3.8 ಅಂದ್ರಲ್ಲ, ಅದು ಗ್ರಾಫಿನ ಅತಿ ಎತ್ತರದ ಚುಕ್ಕಿಯಾ?

ಸಕಲೇಶಪುರ_ಸಾ
ಹೌದು... ಗರಿಷ್ಠ ಬೆಲೆ ತಗೊಂಡಿದ್ದೆ. ಗ್ರಾಫು ಗರಗಸದ ಹಲ್ಲಿನ ಥರಾನೇ ಇದೆ.

ಕೋಡ್_ಕುಟ್ಟಿ
ಹಾಗಾದ್ರೆ ನೀವು ಆರಿಸಿದ್ದು ಗದ್ದಲದ ತುದಿಯನ್ನ. ಎರಡು ಕೆಲಸ ಮಾಡಿ. 8ನೇ ಪಿನ್ನಿಗೆ ಸೆನ್ಸರ್ ಕೊಟ್ಟು ಟೈಮರ್ 1ರ ಇನ್‌ಪುಟ್ ಕ್ಯಾಪ್ಚರ್ (ಸಿಗ್ನಲ್ ಬಂದ ಕ್ಷಣವನ್ನ ಚಿಪ್ಪೇ ಬರೆದಿಡೋದು) ಬಳಸಿ, 16 ಮೆಗಾಹರ್ಟ್ಸ್‌ನಲ್ಲಿ ಮೆಟ್ಟಿಲು 0.0625 ಮೈಕ್ರೋಸೆಕೆಂಡಿಗೆ ಇಳಿಯುತ್ತೆ. ಟೈಮರ್ 16 ಬಿಟ್ಟಿನದು, ಪ್ರತಿ 4.1 ಮಿಲಿಸೆಕೆಂಡಿಗೆ ಉಕ್ಕಿ ಸೊನ್ನೆಗೆ ಬರುತ್ತೆ, ಆ ಉಕ್ಕುಗಳನ್ನೂ ಎಣಿಸೋದು ಮರೀಬೇಡಿ. ಎರಡನೇದು, ಪಕ್ಕದ ಎರಡು ಸುತ್ತು ಹೋಲಿಸೋ ಬದಲು 15-20 ಸುತ್ತುಗಳಿಗೆ ಒಂದು ಗೆರೆ ಎಳೆದು ಅದರ ಇಳಿಜಾರು ತಗೊಳ್ಳಿ. ಆಮೇಲೆ ಒಂದು ಚುಕ್ಕಿಯನ್ನಲ್ಲ, ಇಂಜಿನ್ 9,000ದಿಂದ 9,800ರ ನಡುವಿನ ಸರಾಸರಿಯನ್ನ ಹೋಲಿಸಿ.

ಜಾಸ್ತಿ ಬಿಂದು ಸಿಗಲಿ ಅಂತ ನಾಲ್ಕು ಆಯಸ್ಕಾಂತ ಅಂಟಿಸೋಕೆ ಹೋಗ್ಬೇಡಿ. ಕೈಯಲ್ಲಿ ಅಂಟಿಸಿದ್ದು ಸರಿಯಾಗಿ 90 ಡಿಗ್ರಿಗೆ ಕೂರಲ್ಲ. ಒಂದೇ ಸಾಕು.

ಡಿಪ್ಲೊಮಾ_ಮೆಕ್ಯಾನಿಕಲ್
ನಮ್ಮ ಪಾಲಿಟೆಕ್ನಿಕ್ ಲ್ಯಾಬಿನ ರೋಪ್ ಬ್ರೇಕ್ ಯಾರಿಗೂ ನೆನಪಿಲ್ವಾ? ಡ್ರಮ್ಮಿಗೆ ಹಗ್ಗ ಸುತ್ತಿ ಒಂದು ಕಡೆ ತೂಕ, ಇನ್ನೊಂದು ಕಡೆ ಸ್ಪ್ರಿಂಗ್ ಬ್ಯಾಲೆನ್ಸು. ತೂಕದಿಂದ ಸ್ಪ್ರಿಂಗ್ ರೀಡಿಂಗ್ ಕಳೆದು ತ್ರಿಜ್ಯದಿಂದ ಗುಣಿಸಿದ್ರೆ ಟಾರ್ಕ್. ಆರ್ಡುಯಿನೋನೂ ಬೇಡ, ಎಂತದೂ ಬೇಡ.

ಲೇತ್_ಭಟ್ರು
ಲ್ಯಾಬಿನ ಡೀಸೆಲ್ ಇಂಜಿನ್ 1,500 ಆರ್‌ಪಿಎಂನದ್ದು, ನೀರಲ್ಲಿ ತಂಪಾಗೋದು, ಗಂಟೆಗಟ್ಟಲೆ ಒಂದೇ ವೇಗದಲ್ಲಿ ನಿಂತಿರುತ್ತೆ. ಇದು 9,500. ಪವರ್ 3.9 ಆದ್ರೂ ಟಾರ್ಕು 3.9 ನ್ಯೂಟನ್-ಮೀಟರೇ. 2:1 ಆದ ಮೇಲೆ 7.8. 30 ಸೆಂಟಿಮೀಟರ್ ತೋಳಿನ ತುದಿಯಲ್ಲಿ 2.7 ಕೆಜಿ ಭಾರ. ಅಳೆಯೋದು ಕಷ್ಟ ಅಲ್ಲ, 5 ಕೆಜಿಯ ಲೋಡ್ ಸೆಲ್ಲೂ (ಭಾರ ಅಳೆಯೋ ಸೆನ್ಸರು) ಅದಕ್ಕೆ ಎಚ್‌ಎಕ್ಸ್ 711 ಬೋರ್ಡೂ ಸಾಕು. ಆದ್ರೆ ಬಿಸಿಗೆ ಎಂತ ಮಾಡ್ತೀರಿ? ಸ್ಕೂಟರಿನ ಡಿಸ್ಕ್ ಬ್ರೇಕ್ ಹಾಕಿದ್ರೆ ಒಂದು ಕೆಜಿ ಉಕ್ಕು ಸೆಕೆಂಡಿಗೆ 8 ಡಿಗ್ರಿ ಏರುತ್ತೆ. ಅರ್ಧ ನಿಮಿಷಕ್ಕೆ 240. ಪ್ಯಾಡಿನ ಹಿಡಿತ ಬದಲಾಗ್ತಾ ಹೋಗುತ್ತೆ, ಆರ್‌ಪಿಎಂ ಒಂದು ಕಡೆ ನಿಲ್ಲಲ್ಲ.

ನೀರು ಹಾಯಿಸಿದ್ರೆ ಆಗುತ್ತೆ: ನಿಮಿಷಕ್ಕೆ 3 ಲೀಟರ್ ಹರಿದ್ರೆ ನೀರು 19 ಡಿಗ್ರಿ ಮಾತ್ರ ಬಿಸಿಯಾಗುತ್ತೆ. ಒಂದೇ ಆರ್‌ಪಿಎಂನಲ್ಲಿ ನಿಲ್ಲಿಸಿ ಕಾರ್ಬುರೇಟರ್ ಹೊಂದಿಸ್ಬೇಕು ಅಂದ್ರೆ ಬ್ರೇಕ್ ಡೈನೋನೇ ಬೇಕು, ಒಪ್ಪಿದೆ. ಮೊದಲು-ಆಮೇಲೆ ಹೋಲಿಕೆಗೆ ಡಿಸ್ಕೇ ಸುಲಭ.

ಹಾಸನ್_ಹೈದ
ಅದೆಲ್ಲಾ ಇರ್ಲಿ, ಆ ಡಿಸ್ಕಿಗೆ ಕವರ್ ಹಾಕಿದೀರಾ? 5,000ದಲ್ಲಿ ಅದರೊಳಗೆ 21 ಕಿಲೋಜೌಲ್ ಇರುತ್ತೆ. ಒಂದು ಟನ್ ಕಾರು 23 ಕಿಲೋಮೀಟರ್ ವೇಗದಲ್ಲಿ ಬಂದಷ್ಟು. ಅಂಚು ಸೆಕೆಂಡಿಗೆ 78 ಮೀಟರ್ ಓಡ್ತಿದೆ. ಗಟ್ಟಿ ಎಂಎಸ್ ಪ್ಲೇಟು ಅದನ್ನ ಆರಾಮಾಗಿ ತಡ್ಕೊಳುತ್ತೆ. ಇದನ್ನ ನೋಡಿ ಯಾರಾದ್ರೂ ಗುಜರಿಯಿಂದ ಹಳೇ ಬೀಡುಕಬ್ಬಿಣದ ಫ್ಲೈವೀಲ್ ತಂದು ಹಾಕಿದ್ರೆ ಕೆಲಸ ಕೆಟ್ಟಂಗೆ. ಬೀಡಿಗೆ ಅಂಚಿನ ವೇಗ 30 ಮೀಟರ್ ಆಸುಪಾಸೇ ಮಿತಿ.

ಇನ್ನೊಂದು, ಗ್ಯಾಸಲ್ಲಿ ಕತ್ತರಿಸಿದ ಪ್ಲೇಟನ್ನ ಹಂಗೇ ಹಾಕ್ಬಾರ್ದು. ಲೇತಲ್ಲಿ ಶಾಫ್ಟಿನ ಮೇಲೇ ಕೂರಿಸಿ ಹೊರ ಅಂಚು, ಎರಡೂ ಮುಖ ತಿರುವಬೇಕು. ಅಂಚಲ್ಲಿ 10 ಗ್ರಾಂ ಹೆಚ್ಚುಕಮ್ಮಿ ಇದ್ರೆ 5,000ದಲ್ಲಿ 42 ಕೆಜಿ ಭಾರದಷ್ಟು ಎಳೆತ, ಸೆಕೆಂಡಿಗೆ 83 ಸಲ ದಿಕ್ಕು ಬದಲಾಯಿಸ್ತಾ. ಹಬ್ಬಿಗೆ ವೆಲ್ಡಿಂಗ್ ಬೇಡ, ಬೋಲ್ಟು ಮತ್ತು ಕೀ ಇರಲಿ. ಸುತ್ತಲೂ 6 ಎಂಎಂ ಪ್ಲೇಟು ಬಗ್ಗಿಸಿ ಕವರ್ರು. ನಿಲ್ಲೋದು ಶಾಫ್ಟಿನ ತುದಿ ಕಡೆ, ಡಿಸ್ಕಿನ ನೇರಕ್ಕಲ್ಲ.

ಸಕಲೇಶಪುರ_ಸಾ
ಲೇತಲ್ಲೇ ತಿರುವಿದ್ದು. ಕವರ್ 3 ಎಂಎಂನದ್ದು ಇತ್ತು, ಬದಲಾಯಿಸ್ತೀನಿ.

ಬಯಲುಸೀಮೆ_ಬಸಣ್ಣ
ಬೆಲ್ಟಿನ ಬದಲಿ ಸಾದ ಚೈನನ್ನ ಹಾಕಬಾರದೇನ್ರೀ? ಹಲ್ಲು ಉಜ್ಜಿ ತಗದು, ಆ ಕಡಿನೂ ಒಂದು ರಿಮ್ ಕೂಡ್ರಿಸಿದ್ರ ಆತು.

ಸುಳ್ಯ_ಗ್ಯಾರೇಜ್
ತಿರುಗುತ್ತೆ, ಆದ್ರೆ ಬಾರಿನ ತೋಡು ಇಲ್ಲದೆ ಬರೀ ಎರಡು ರಿಮ್ ಮೇಲೆ ಸೆಕೆಂಡಿಗೆ 22 ಮೀಟರ್ ಓಡೋ ಚೈನು ಅದು. ತುಂಡಾದ್ರೆ ಬಿಡಿಲಿಂಕು ಗುಂಡಿನ ಹಾಗೆ ಹಾರುತ್ತೆ. ಬೆಲ್ಟ್ ತುಂಡಾದ್ರೆ ಸದ್ದು ಮಾತ್ರ.

ಮಳೆಗಾಲ
ಹವಾಮಾನದ ಲೆಕ್ಕ ಯಾರೂ ಎತ್ತಲಿಲ್ಲ. ಸಕಲೇಶಪುರ ಸುಮಾರು 950 ಮೀಟರ್ ಎತ್ತರ, ಅಲ್ಲಿ ಗಾಳಿಯ ಒತ್ತಡ ಸುಮಾರು 904 ಹೆಕ್ಟೋಪಾಸ್ಕಲ್. ಸಮುದ್ರಮಟ್ಟಕ್ಕಿಂತ ಹತ್ತು ಪರ್ಸೆಂಟ್ ಮೇಲೆ ಕಮ್ಮಿ. ಹಾಗಾಗಿ 3.9ರ ಸಾ ಅಲ್ಲಿ ಮೂರೂವರೆ ಕೊಟ್ರೆ ಅದು ಆರೋಗ್ಯವಾಗೇ ಇದೆ. ನಿಮ್ಮ 3.1 ಕಮ್ಮಿಯಾಯ್ತು. ಅನುಮಾನ ಪಡಬೇಕಾದ್ದು ಬೆಳಗಿನ ರೀಡಿಂಗನ್ನ.

ತಮಾಷೆ ಅಂದ್ರೆ ಹವಾಮಾನ ನಿಮಗೆ ಉಲ್ಟಾ ಇತ್ತು. ಬೆಳಿಗ್ಗೆ 18 ಡಿಗ್ರಿ, ಮಧ್ಯಾಹ್ನ 28 ಅಂತ ಇಟ್ಕೊಂಡ್ರೆ ಮಧ್ಯಾಹ್ನದ ಗಾಳಿಯಲ್ಲಿ ಆಮ್ಲಜನಕ ಸುಮಾರು 3% ಕಮ್ಮಿ. ಪವರ್ ಇಳೀಬೇಕಿತ್ತು.

ಬಿಎಂಇ 280 ಸೆನ್ಸರ್ ಒಂದು ಹಾಕ್ಕೊಳ್ಳಿ, ಒತ್ತಡ, ಉಷ್ಣಾಂಶ, ತೇವ ಮೂರೂ ಕೊಡುತ್ತೆ. ಮೊಬೈಲ್ ಆ್ಯಪಿನ ಒತ್ತಡ ಬಳಸಬೇಡಿ, ಅದು ಸಮುದ್ರಮಟ್ಟಕ್ಕೆ ಹೊಂದಿಸಿದ್ದು, ಘಟ್ಟದ ಮೇಲೂ 1,010 ಅಂತಲೇ ತೋರಿಸುತ್ತೆ. ಒಟ್ಟು ಒತ್ತಡದಿಂದ ನೀರಾವಿಯ ಪಾಲು ಕಳೀಬೇಕು, ಜುಲೈನಲ್ಲಿ ಅದೇ 20-25 ಹೆಕ್ಟೋಪಾಸ್ಕಲ್ ಇರುತ್ತೆ.

ಕಾಫಿತೋಟದವ
ಒಂದೇ ಗಂಟೆಯೊಳಗೆ ಹಳೇದು-ಹೊಸದು-ಹಳೇದು ಮಾಡಿದ್ರೆ ಈ ತಲೆನೋವೇ ಇಲ್ಲ.

ಸಕಲೇಶಪುರ_ಸಾ
ಒನ್ ವೇ ಬೇರಿಂಗ್ ಹಾಕಿ ಭಟ್ರು ಹೇಳಿದ್ದನ್ನ ಮಾಡಿದೆ. ಬೆಳಿಗ್ಗೆ ತಣ್ಣಗೆ: 5,000ದಿಂದ 3,000ಕ್ಕೆ 60 ಸೆಕೆಂಡು. ಆರು ರನ್ ಆದ ಮೇಲೆ: 140.

ಲೇತ್_ಭಟ್ರು
ಸಿಕ್ಕಿತು ನೋಡಿ ಒಂದು ಕಳ್ಳ. ತಣ್ಣಗಿದ್ದಾಗ 0.54 ನ್ಯೂಟನ್-ಮೀಟರ್, ಬಿಸಿಯಾದ ಮೇಲೆ 0.23. ಡಿಸ್ಕು 4,700ರಲ್ಲಿದ್ದಾಗ ಮೊದಲನೆಯದು 268 ವ್ಯಾಟ್, ಎರಡನೆಯದು 115. ನಿಮ್ಮ ಗಳಿಕೆಯಲ್ಲಿ 150 ವ್ಯಾಟ್ ಬರೀ ಗ್ರೀಸಿನದ್ದು. ರನ್‌ಗೆ ಮೊದಲು ಐದು ನಿಮಿಷ ಡಿಸ್ಕ್ ತಿರುಗಿಸಿ, ಇಳಿಯೋ ಸಮಯ 130 ಸೆಕೆಂಡ್ ದಾಟಿದ ಮೇಲೇ ಅಳೀರಿ.

ಇನರ್ಷಿಯಾನೂ ಒಮ್ಮೆ ಪರೀಕ್ಷಿಸಿ. ತ್ರಿಜ್ಯದಲ್ಲಿ 1 ಎಂಎಂ ತಪ್ಪಿದ್ರೆ 2.7% ತಪ್ಪು, ಯಾಕಂದ್ರೆ ದಪ್ಪ ಅದೇ ಇದ್ದಾಗ ಇನರ್ಷಿಯಾ ತ್ರಿಜ್ಯದ ನಾಲ್ಕನೇ ಘಾತಕ್ಕೆ ಏರುತ್ತೆ. 50 ಎಂಎಂ ಹಬ್ಬಿಗೆ ಸಪೂರ ದಾರ ಸುತ್ತಿ 5 ಕೆಜಿ ಕಟ್ಟಿ ಬಿಡಿ. ಒಂದು ಮೀಟರ್ ಇಳಿಯೋಕೆ 3.2 ಸೆಕೆಂಡ್ ಆಸುಪಾಸು ಬರಬೇಕು. 10 ಕೆಜಿಗೆ 2.3. ಎರಡು ತೂಕ ಯಾಕಂದ್ರೆ ಒಂದರಲ್ಲಿ ಘರ್ಷಣೆ ಎಷ್ಟು, ಇನರ್ಷಿಯಾ ಎಷ್ಟು ಅಂತ ಬಿಡಿಸೋಕಾಗಲ್ಲ.

ಸುಳ್ಯ_ಗ್ಯಾರೇಜ್
ಇನ್ನೊಬ್ಬ ಕಳ್ಳ ಕಾರ್ಬುರೇಟರಲ್ಲಿದ್ದಾನೆ. "ಸೈಲೆನ್ಸರ್ ತೂತು ಮಾಡಿ ಹೊಂದಿಸಿದೆ" ಅಂದ್ರಿ. ಮೊದಲಿನ ರನ್‌ಗೂ ಹೊಂದಿಸಿದ್ರಾ?

ಸಕಲೇಶಪುರ_ಸಾ
ಇಲ್ಲ. ಎಚ್ ಸ್ಕ್ರೂ (ಫುಲ್ ಥ್ರಾಟಲಲ್ಲಿ ಪೆಟ್ರೋಲ್ ಎಷ್ಟು ಅಂತ ಹೊಂದಿಸೋದು) ಮೊದಲಿಂದಲೂ ಸ್ವಲ್ಪ ಜಾಸ್ತಿಯೇ ತೆರೆದಿತ್ತು, ಇಂಜಿನ್ ಸೀಜ್ ಆಗದಿರಲಿ ಅಂತ.

ಸುಳ್ಯ_ಗ್ಯಾರೇಜ್
ಅಲ್ಲಿಗೆ ಮುಗೀತು. ಮೊದಲ ರನ್ ಪೆಟ್ರೋಲ್ ಜಾಸ್ತಿಯಾಗಿ ಉಸಿರುಗಟ್ಟಿದ ಇಂಜಿನ್ನಿನದ್ದು. ಸೈಲೆನ್ಸರ್ ತೆರೆದ ಮೇಲೆ ಗಾಳಿ ಜಾಸ್ತಿ ಹರಿದು ಮಿಶ್ರಣ ತೆಳುವಾಯ್ತು, ಆಮೇಲೆ ನೀವು ಸರಿಯಾಗಿ ಹೊಂದಿಸಿದ್ರಿ. ಎರಡರ ಲಾಭ ಒಂದರ ಖಾತೆಗೆ ಹೋಯ್ತು. ಎರಡೂ ಸ್ಥಿತಿಯಲ್ಲಿ ಬೇರೆಬೇರೆಯಾಗಿ ಹೊಂದಿಸಿ: ಭಾರ ಇಲ್ಲದೆ ಫುಲ್ ಥ್ರಾಟಲಲ್ಲಿ ಪೆಟ್ರೋಲ್ ಜಾಸ್ತಿ ಇದ್ದಾಗಿನ ಆ ಒಡಕು ಸದ್ದು ಇನ್ನೂ ಕೇಳ್ತಿರಬೇಕು, ಭಾರ ಬಿದ್ದ ಕೂಡಲೇ ಸದ್ದು ಶುದ್ಧವಾಗಬೇಕು. ಕೈಪಿಡಿಯ ಗರಿಷ್ಠ ಆರ್‌ಪಿಎಂ ದಾಟಬಾರದು.

ತಾನೇ ಹೊಂದಿಸಿಕೊಳ್ಳೋ ಕಾರ್ಬುರೇಟರ್ ಇರೋ ಹೊಸ ಸಾಗಳಲ್ಲಿ, ಬದಲಾವಣೆ ಮಾಡಿದ ತಕ್ಷಣದ ರನ್ ಲೆಕ್ಕಕ್ಕಿಲ್ಲ. ಅದು ಹೊಸ ಗಾಳಿಗೆ ಹೊಂದಿಕೊಳ್ಳೋಕೆ ಭಾರದಡಿ ಸ್ವಲ್ಪ ಓಡಿಸ್ಬೇಕು.

ಕಾಫಿತೋಟದವ
ಪೆಟ್ರೋಲೂ ಒಂದೇ ಕ್ಯಾನಿನದ್ದು ಇರಲಿ. ಇ20 (20% ಎಥೆನಾಲ್ ಬೆರೆಸಿದ ಪೆಟ್ರೋಲ್) ಬಂದ ಮೇಲೆ ಇದು ದೊಡ್ಡ ಪಾಠ. ಬರೀ ಪೆಟ್ರೋಲಿಗೆ ತೂಕದಲ್ಲಿ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು, ಇ20ಗೆ ಸುಮಾರು 13.5. ಅದೇ ಸ್ಕ್ರೂ, ಅದೇ ತೆರವು, ಆದ್ರೆ ಮಿಶ್ರಣ ತೆಳು.

ಹಾಸನ್_ಹೈದ
ಇ20 ವಿಷಯ ಎತ್ತಬೇಡಿ ಸ್ವಾಮಿ, ಇನ್ನೂರು ಕಮೆಂಟ್ ಆಗುತ್ತೆ. ಮಳೆಗಾಲದಲ್ಲಿ ಮುಚ್ಚಳ ಸಡಿಲ ಬಿಟ್ರೆ ನೀರು ಕುಡಿದು ತಳದಲ್ಲಿ ಬೇರೆಯಾಗುತ್ತೆ, ಟೂಟಿ ಆಯಿಲ್ ಮೇಲೆ, ಎಥೆನಾಲ್ ನೀರು ಕೆಳಗೆ. ಟ್ಯಾಂಕಿನ ಫಿಲ್ಟರ್ ಇರೋದೂ ಕೆಳಗೇ.

ಡಿಪ್ಲೊಮಾ_ಮೆಕ್ಯಾನಿಕಲ್
ಸೈಲೆನ್ಸರ್ ಆದ ಮೇಲೆ ಫ್ಲೈವೀಲ್ ರೆಕ್ಕೆ ಕತ್ತರಿಸಿ ಹಗುರ ಮಾಡಿದ್ರೂ ಡೈನೋದಲ್ಲಿ ಜಾಸ್ತಿ ತೋರಿಸುತ್ತೆ ಅಂತಾರಲ್ಲ, ಅದು ನಿಜಾನಾ?

ಕೋಡ್_ಕುಟ್ಟಿ
ತೋರಿಸುತ್ತೆ, ಅದೇ ಮೋಸ. ಇನರ್ಷಿಯಾ ಡೈನೋ ಅಳೆಯೋದು ಏರುವ ವೇಗವನ್ನ. ಇಂಜಿನ್ನಿನ ಫ್ಲೈವೀಲೂ ಏರಬೇಕಲ್ಲ. 2:1 ಇರೋದ್ರಿಂದ ಅದರ ಇನರ್ಷಿಯಾ ಡಿಸ್ಕಿನ ಕಡೆಗೆ ನಾಲ್ಕರಷ್ಟಾಗಿ ಕಾಣುತ್ತೆ. ಒಟ್ಟಿನಲ್ಲಿ ಒಂದೂವರೆ ಪರ್ಸೆಂಟ್ ಸುತ್ತಮುತ್ತ. ಅದನ್ನ ಹಗುರ ಮಾಡಿದ್ರೆ ಪವರ್ ಒಂಚೂರೂ ಏರದೆ ಗ್ರಾಫ್ ಏರುತ್ತೆ. ಮರದೊಳಗೆ ಸಾ ಒಂದೇ ವೇಗದಲ್ಲಿ ಕೊಯ್ಯೋದು, ಅಲ್ಲಿ ಸೊನ್ನೆ ಲಾಭ.

ಸುಳ್ಯ_ಗ್ಯಾರೇಜ್
ಅಲ್ಲದೆ ಆ ರೆಕ್ಕೆಗಳೇ ಸಿಲಿಂಡರಿಗೆ ಗಾಳಿ ಹಾಕೋದು. ಕತ್ತರಿಸಬೇಡಿ.

ಸಕಲೇಶಪುರ_ಸಾ
ಹೊಸ ರೀಡಿಂಗು. ಡಿಸ್ಕ್ ಬಿಸಿ ಮಾಡಿ, ಘರ್ಷಣೆ ಸೇರಿಸಿ, ಎರಡೂ ಸ್ಥಿತಿಯಲ್ಲಿ ಸ್ಕ್ರೂ ಹೊಂದಿಸಿ, 20 ಸುತ್ತಿನ ಗೆರೆ ಎಳೆದು, 9,000-9,800 ಸರಾಸರಿ. ಇಂಜಿನ್ನನ್ನ 5,000ದಲ್ಲಿ ಎರಡು ಸೆಕೆಂಡ್ ನಿಲ್ಲಿಸಿ ಕ್ಲಚ್ ಪೂರ್ತಿ ಕಚ್ಚಿದ ಮೇಲೇ ಫುಲ್ ಥ್ರಾಟಲ್. ಐದೈದು ರನ್, 50 ನಿಮಿಷದೊಳಗೆ.

ಕಂಪನಿ ಸೈಲೆನ್ಸರ್: 3.50
ತೂತು ಮಾಡಿದ್ದು: 3.77
ಮತ್ತೆ ಕಂಪನಿಯದ್ದು: 3.52

ಒಂದೇ ಸ್ಥಿತಿಯ ಐದು ರನ್‌ಗಳು ತಮ್ಮತಮ್ಮಲ್ಲೇ ಒಂದೂವರೆ ಪರ್ಸೆಂಟ್ ಆಚೀಚೆ ಇವೆ. ಲಾಭ 7.4%. 22 ಹೋಗಿ ಏಳಾಯ್ತು!

ಹಾಸನ್_ಹೈದ
ಏಳು ಒಳ್ಳೇದೇ ಕಣ್ರೀ. ಒಂದು ತೂತಿಗೆ ಇನ್ನೆಷ್ಟು ಬೇಕು.

ಬಯಲುಸೀಮೆ_ಬಸಣ್ಣ
ಏಳು ಪರ್ಸೆಂಟಿಗೆ ಇಷ್ಟು ದೊಡ್ಡ ರಾಮಾಯಣ! ಚೈನಿಗೆ ಒಂದ್ ಸಲ ಚಲೋತ್ನಾಗೆ ಅರ ಹಾಕಿದ್ರ ಇದಕ್ಕಿಂತ ಜಾಸ್ತಿ ಬರತೈತಿ.

ಲೇತ್_ಭಟ್ರು
ಅದನ್ನ ಮಾತ್ರ ಯಾರೂ ಅಲ್ಲಗಳೆಯಲ್ಲ ಬಸಣ್ಣ.

ಡಿಪ್ಲೊಮಾ_ಮೆಕ್ಯಾನಿಕಲ್
ಮುಂದಿನದು ಬೇಸ್ ಗ್ಯಾಸ್ಕೆಟ್ (ಸಿಲಿಂಡರಿನ ಅಡಿಯ ತೆಳು ಪದರ) ತೆಗೆಯೋದಾ?

ಸುಳ್ಯ_ಗ್ಯಾರೇಜ್
ತೆಗೆಯೋ ಮೊದಲು ಸ್ಕ್ವಿಶ್ (ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಸಿಲಿಂಡರ್ ತಲೆಗೂ ಅದಕ್ಕೂ ನಡುವೆ ಉಳಿಯೋ ಸಂದು) ಅಳೀರಿ. ಪ್ಲಗ್ ತೂತಿಂದ ಮೆತ್ತಗಿನ ಸೋಲ್ಡರ್ ತಂತಿಯನ್ನ ಪಿಸ್ಟನ್ ಪಿನ್ನಿನ ನೇರಕ್ಕೆ ಸಿಲಿಂಡರ್ ಗೋಡೆ ಮುಟ್ಟೋವರೆಗೆ ತೂರಿಸಿ, ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಚಪ್ಪಟೆಯಾದ ತುದಿಯನ್ನ ಮೈಕ್ರೋಮೀಟರಲ್ಲಿ ನೋಡಿ. ಗ್ಯಾಸ್ಕೆಟ್ ದಪ್ಪ ಕಳೆದ ಮೇಲೆ 0.5 ಎಂಎಂ ಉಳಿಯೋದಾದ್ರೆ ಮಾತ್ರ ಕೈ ಹಾಕಿ. ಸಿಲಿಂಡರ್ ಕೆಳಗಿಳಿದ್ರೆ ಪೋರ್ಟ್‌ಗಳೂ ಇಳೀತಾವೆ, ಎಕ್ಸಾಸ್ಟ್ ತಡವಾಗಿ ತೆರೆಯುತ್ತೆ. ಕೆಳ ಆರ್‌ಪಿಎಂ ಟಾರ್ಕ್ ಏರಿ ಮೇಲಿನ ತುದಿ ಇಳಿಯಬಹುದು. ಹಾಗಾಗಿ 9,000-9,800 ಮಾತ್ರ ನೋಡ್ಬೇಡಿ, 7,000ದಿಂದ ಇಡೀ ಗೆರೆ ಹೋಲಿಸಿ.

ಮಳೆಗಾಲ
ಸೈಲೆನ್ಸರ್ ತೂತು ಮಾಡುವಾಗ ಕಿಡಿ ತಡೆಯೋ ಜಾಲರಿ ಬಿಸಾಕಿದ್ರಾ? ಫೆಬ್ರವರಿ-ಮಾರ್ಚಲ್ಲಿ ತೋಟದ ತುಂಬ ಒಣ ತರಗು, ಒಂದು ಕಿಡಿ ಸಾಕು.

ಸಕಲೇಶಪುರ_ಸಾ
ತೆಗೆದಿದ್ದೆ. ಹೊಸ ತೂತಿನ ಅಳತೆಗೆ ಕತ್ತರಿಸಿ ವಾಪಸ್ ಹಾಕಿ ಇನ್ನೈದು ರನ್ ಮಾಡಿದೆ: 3.74. ಒಂದೂವರೆ ಪರ್ಸೆಂಟಿನ ಆಚೀಚೆಯೊಳಗೇ ಬಂತು. ಜಾಲರಿ ಅಲ್ಲೇ ಇರುತ್ತೆ.